ಲವಿಂಗ್: ಮಾತು ಬಾರದವರ ಮೊಕದ್ದಮೆ

'ಲವಿಂಗ್' ಎಂಬುದು ಒಂದು ಮನೆತನದ ಹೆಸರು. ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ 'ಪ್ರೀತಿಸುವ' ಎಂಬ ಅರ್ಥವೂ ಉಂಟು. ಕಾದಂಬರಿಕಾರನೊಬ್ಬ ತನ್ನ ನಾಯಕನಿಗೆ ಈ ಹೆಸರಿಟ್ಟು, ಅವನ ಮದುವೆಯ ಮೇಲೆ ನಡೆದ ಮೊಕದ್ದಮೆಯನ್ನು 'ಲವಿಂಗ್ ವಿರುದ್ಧ ವರ್ಜೀನಿಯ' ಎಂದು ಕರೆದಿದ್ದರೆ ನಾವು ಅವನ ಅಭಿರುಚಿಯನ್ನೇ ಶಂಕಿಸುತ್ತಿದ್ದೆವು. ಇತಿಹಾಸಕ್ಕೆ ಅಂಥ ಸಂಕೋಚವಿಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನ ಕಡತದಲ್ಲಿ ಆ ಹೆಸರು ಹಾಗೆಯೇ ಇದೆ. 2016ರಲ್ಲಿ ಜೆಫ್ ನಿಕೊಲ್ಸ್ ಎಂಬ ನಿರ್ದೇಶಕ ಅದರ ಮೊದಲರ್ಧವನ್ನೇ ತನ್ನ ಚಿತ್ರಕ್ಕೆ ಹೆಸರಾಗಿ ಇಟ್ಟುಕೊಂಡ.

ಕಥೆ ಚಿಕ್ಕದು. ವರ್ಜೀನಿಯ ರಾಜ್ಯದ ಕ್ಯಾರೊಲೈನ್ ಜಿಲ್ಲೆಯಲ್ಲಿ ಸೆಂಟ್ರಲ್ ಪಾಯಿಂಟ್ ಎಂಬ ಹಳ್ಳಿ. ಬಿಳಿಯರು, ಕರಿಯರು, ಮೂಲನಿವಾಸಿ ಇಂಡಿಯನ್ನರು ತಲೆಮಾರುಗಳಿಂದ ಬೆರೆತು ಬಾಳಿದ ಊರು. ಅಲ್ಲಿಯ ರಿಚರ್ಡ್ ಲವಿಂಗ್ ಬಿಳಿಯ, ಗಾರೆ ಕೆಲಸದವನು. ಮಿಲ್ಡ್ರೆಡ್ ಜೀಟರ್ ಕಪ್ಪು ಮತ್ತು ಇಂಡಿಯನ್ ರಕ್ತ ಬೆರೆತ ಮನೆತನದ ಹುಡುಗಿ. ಕರಿಯರೂ ಬಿಳಿಯರೂ ಮದುವೆಯಾಗುವುದು ಆ ರಾಜ್ಯದಲ್ಲಿ ಅಪರಾಧವಾದ್ದರಿಂದ ಇಬ್ಬರೂ 1958ರ ಜೂನ್ 2ರಂದು ವಾಷಿಂಗ್‌ಟನ್ನಿಗೆ ಹೋಗಿ ಮದುವೆಯಾಗಿ ಬಂದರು. ಐದಾರು ವಾರ ಕಳೆಯುವಷ್ಟರಲ್ಲಿ ನಡುರಾತ್ರಿ ಷೆರೀಫ್ ಮನೆಗೆ ನುಗ್ಗಿ ಹಾಸಿಗೆಯಿಂದಲೇ ಅವರನ್ನು ಹಿಡಿದುಕೊಂಡು ಹೋದ. 1959ರ ಜನವರಿಯಲ್ಲಿ ತೀರ್ಪಾಯಿತು. ಒಂದು ವರ್ಷ ಸೆರೆ. ಆದರೆ ರಾಜ್ಯ ಬಿಟ್ಟು ಹೋಗಿ ಇಪ್ಪತ್ತೈದು ವರ್ಷ ಒಟ್ಟಿಗೆ ಮರಳಿ ಬಾರದಿದ್ದರೆ ಆ ಸೆರೆ ಮಾಫಿ. ನಾಲ್ಕು ವರ್ಷ ಪಟ್ಟಣದಲ್ಲಿ ನವೆದ ಮಿಲ್ಡ್ರೆಡ್ 1963ರಲ್ಲಿ ಅಟಾರ್ನಿ ಜನರಲ್ ರಾಬರ್ಟ್ ಕೆನೆಡಿಗೆ ಒಂದು ಕಾಗದ ಬರೆದಳು. ಅದು ಇಬ್ಬರು ಎಳೆಯ ವಕೀಲರ ಕೈ ಸೇರಿ, ಮೊಕದ್ದಮೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ, 1967ರ ಜೂನ್ 12ರಂದು ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಾಧೀಶರೂ ಒಮ್ಮತದಿಂದ ಆ ಕಾನೂನನ್ನು ತೊಡೆದು ಹಾಕಿದರು. ಅದರೊಂದಿಗೆ ಆ ಹೊತ್ತಿಗೆ ಇನ್ನೂ ಅಂಥ ಕಾನೂನನ್ನು ಉಳಿಸಿಕೊಂಡಿದ್ದ ಹದಿನಾರು ರಾಜ್ಯಗಳ ಶಾಸನಗಳೂ ಬಿದ್ದವು.

ಇಂಥ ವಸ್ತು ಕೈಗೆ ಸಿಕ್ಕರೆ ಯಾವ ನಿರ್ದೇಶಕ ತಾನೆ ನ್ಯಾಯಾಲಯವನ್ನು ಬಿಟ್ಟಾನು! ಕಟಕಟೆ, ವಕೀಲನ ವಾಗ್ಝರಿ, ಹಿಂದಿನ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುವ ಹೆಂಡತಿ - ಎಲ್ಲವೂ ಸಿದ್ಧವಾಗಿಯೇ ಇದೆ. ನಿಕೊಲ್ಸ್ ಬಿಟ್ಟಿದ್ದಾನೆ. ಎರಡು ಗಂಟೆಯ ಚಿತ್ರದಲ್ಲಿ ಸುಪ್ರೀಂ ಕೋರ್ಟಿಗೆ ಸಿಕ್ಕಿರುವುದು ಕೆಲವೇ ನಿಮಿಷ. ಇದೇ ಕಾರಣಕ್ಕೆ ಇದು ತುಂಬ ಮೆತ್ತಗಿನ ಚಿತ್ರ, ಕೋಪ ಬರಬೇಕಾದ ಕಡೆ ಬಾರದ ಚಿತ್ರ ಎಂಬ ಆಕ್ಷೇಪ ಹುಟ್ಟುವುದು ಸಹಜ. ಮೊದಲ ಸಲ ನೋಡಿದಾಗ ನನಗೂ ಅಲ್ಲಲ್ಲಿ ಉಪ್ಪು ಕಡಿಮೆಯಾಯಿತೇ ಎನಿಸಿದ್ದುಂಟು. ಆದರೆ ಆ ಆಕ್ಷೇಪ ಚಿತ್ರದ ವಸ್ತು ಯಾವುದೆಂಬುದನ್ನೇ ತಪ್ಪಾಗಿ ಹಿಡಿಯುತ್ತದೆಂದು ನನ್ನ ಅಭಿಪ್ರಾಯ. ಈ ದಂಪತಿಗಳಿಂದ ಕಸಿದುಕೊಂಡದ್ದು ಪ್ರೀತಿಸುವ ಹಕ್ಕನ್ನಲ್ಲ. ಅವರು ಹೇಗೂ ಪ್ರೀತಿಸುತ್ತಿದ್ದರು, ಅದನ್ನು ಯಾವ ಷೆರೀಫನೂ ತಡೆಯಲಾರ. ಕಸಿದುಕೊಂಡದ್ದು ಊರನ್ನು. ಚಿತ್ರ ಈ ಒಂದು ತಿಳಿವಳಿಕೆಯಿಂದ ಹುಟ್ಟಿದೆ. ಅದರ ಸದ್ದಿಲ್ಲದ ನಡೆಯೆಲ್ಲ ಅಲ್ಲಿಂದಲೇ ಬಂದದ್ದು.

ಮೊದಲ ದೃಶ್ಯವನ್ನೇ ನೋಡಿ. ರಾತ್ರಿ, ಜೀರುಂಡೆಗಳ ಸದ್ದು. ಮಿಲ್ಡ್ರೆಡ್ಡಳ ಮುಖ ತೆರೆಯ ಮೇಲಿದೆ. ಏನೋ ಹೇಳಲು ಹೆದರುತ್ತಿದ್ದಾಳೆ. ತಾನು ಬಸಿರಾಗಿದ್ದೇನೆಂದು ಕೊನೆಗೆ ಹೇಳುತ್ತಾಳೆ. ರಿಚರ್ಡ್ ಕೂಡಲೇ ಉತ್ತರ ಕೊಡುವುದಿಲ್ಲ. ನಮ್ಮ ಎದೆ ಹೊಡೆದುಕೊಳ್ಳುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಮುಖವೆಲ್ಲ ನಗೆಯಾಗಿ, ಒಳ್ಳೆಯದೇ ಆಯಿತು ಎಂಬ ಅರ್ಥದ ಒಂದೆರಡು ಮಾತು ಹೇಳುತ್ತಾನೆ. ಇವನ ಪ್ರೇಮಸಲ್ಲಾಪ ಅಷ್ಟೆ. ಮುಂದೆ ಒಂದು ದಿನ ಅವಳನ್ನು ಬರಿಯ ಹೊಲವೊಂದಕ್ಕೆ ಕರೆದುಕೊಂಡು ಹೋಗಿ, ಈ ಒಂದು ಎಕರೆ ಕೊಂಡಿದ್ದೇನೆ, ಇಲ್ಲಿ ನಿನಗೊಂದು ಮನೆ ಕಟ್ಟುತ್ತೇನೆ ಎನ್ನುತ್ತಾನೆ. ಮದುವೆಯ ಮಾತು ಅದರ ಬಾಲವಾಗಿ ಬರುತ್ತದೆ. ಗಾರೆಯವನಿಗೆ ಪ್ರೇಮ ನಿವೇದನೆಗೆ ಬೇರೆ ಭಾಷೆ ಎಲ್ಲಿಂದ ಬರಬೇಕು? ಆಮೇಲೆ ಚಿತ್ರದುದ್ದಕ್ಕೂ ನಾವು ಅವನನ್ನು ಕೆಲಸದಲ್ಲಿ ನೋಡುತ್ತೇವೆ. ದಾರ ಹಿಡಿದು ಸಾಲು ನೋಡುವುದು, ಕರಣೆಯಲ್ಲಿ ಗಾರೆ ಬಳಿಯುವುದು, ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ತಟ್ಟಿ ಮಟ್ಟ ಮಾಡುವುದು. ಪಟ್ಟಣದಲ್ಲಿ ಅವನು ಕಟ್ಟುವುದೆಲ್ಲ ಬೇರೆಯವರ ಮನೆ. ತನ್ನ ಎಕರೆ ಅಲ್ಲಿ ಹುಲ್ಲು ಬೆಳೆದುಕೊಂಡು ಬಿದ್ದಿದೆ. ಇದನ್ನು ಯಾವ ಪಾತ್ರವೂ ಬಾಯಿ ಬಿಟ್ಟು ಹೇಳುವುದಿಲ್ಲ. ನಮ್ಮ ಲಾಕ್ಷಣಿಕರು ಧ್ವನಿ ಎಂದು ಕರೆದದ್ದು ಇದನ್ನೇ ಅಲ್ಲವೆ?

ನಮ್ಮ ಕಾವ್ಯಮೀಮಾಂಸೆಯಲ್ಲಿ ಶೃಂಗಾರಕ್ಕೆ ಎರಡು ಮುಖ, ಸಂಭೋಗ ಮತ್ತು ವಿಪ್ರಲಂಭ. ಲೋಕದ ಪ್ರೇಮಕಥೆಗಳಲ್ಲಿ ಬಹುಪಾಲು ವಿಪ್ರಲಂಭದವು: ಮನೆತನ, ಮತ, ಸಮುದ್ರ, ಮರಣ ಯಾವುದೋ ಒಂದು ಬಂದು ಇಬ್ಬರನ್ನು ಬೇರೆ ಮಾಡುತ್ತದೆ. ಲವಿಂಗ್ ದಂಪತಿಗಳ ಕಥೆಯ ವಿಚಿತ್ರವೆಂದರೆ ಇಲ್ಲಿ ಪ್ರೇಮಿಗಳು ಒಟ್ಟಿಗೇ ಇದ್ದಾರೆ. ಒಂದೇ ಕೋಣೆ, ಒಂದೇ ಊಟದ ಮೇಜು, ಒಬ್ಬರ ಹಿಂದೊಬ್ಬರಂತೆ ಮಕ್ಕಳು. ವಿರಹ ಇರುವುದು ಗಂಡಹೆಂಡಿರ ನಡುವೆ ಅಲ್ಲ, ಗಂಡಹೆಂಡಿರಿಗೂ ಅವರ ನೆಲಕ್ಕೂ ನಡುವೆ. ನ್ಯಾಯಾಧೀಶ ಲಿಯಾನ್ ಬೆಜೈಲ್ ಬರೆದ ಶಿಕ್ಷೆಯಲ್ಲಿ 'ಒಟ್ಟಿಗೆ' ಎಂಬ ಶಬ್ದವನ್ನು ಗಮನಿಸಬೇಕು. ರಿಚರ್ಡ್ ಒಬ್ಬನೇ ಊರಿಗೆ ಬರಬಹುದು. ಮಿಲ್ಡ್ರೆಡ್ ಒಬ್ಬಳೇ ಬರಬಹುದು. ಊರು ಬೇಕೆಂದರೆ ಸಂಗಾತಿಯನ್ನು ಬಿಡು, ಸಂಗಾತಿ ಬೇಕೆಂದರೆ ಊರನ್ನು ಬಿಡು. ಎಷ್ಟು ನಾಜೂಕಾದ ಕ್ರೌರ್ಯ! ಬನವಾಸಿಯನ್ನು ನೆನೆದು ಮರುಗಿದ ಪಂಪನನ್ನು ಓದಿಕೊಂಡ ನಮಗೆ ಈ ನೋವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಷೆರೀಫನ ಪಾತ್ರವನ್ನು ಮಾರ್ಟನ್ ಚೋಕಾಸ್ ಮಾಡಿದ್ದಾನೆ. ದೀಪ ಹಿಡಿದು ಮಲಗುವ ಕೋಣೆಗೆ ನುಗ್ಗಿದ ಅವನಿಗೆ ರಿಚರ್ಡ್ ಗೋಡೆಗೆ ತೂಗುಹಾಕಿದ ಮದುವೆಯ ಪತ್ರವನ್ನು ತೋರಿಸುತ್ತಾನೆ. ಕಟ್ಟು ಹಾಕಿಸಿದ ಪತ್ರ, ದೇವರ ಪಟದ ಹಾಗೆ. ಅದು ಇಲ್ಲಿ ನಡೆಯುವುದಿಲ್ಲ ಎಂದು ಷೆರೀಫ್ ಹೇಳುತ್ತಾನೆ; ಅವನ ದನಿ ಏರುವುದಿಲ್ಲ. ಇದಕ್ಕಿಂತ ಭಯಂಕರವಾದದ್ದು ಮುಂದೆ ಬರುತ್ತದೆ. ರಿಚರ್ಡನನ್ನು ಎದುರಿಗೆ ನಿಲ್ಲಿಸಿಕೊಂಡು ಅವನು ಉಪದೇಶ ಮಾಡುತ್ತಾನೆ: ದೇವರು ಗುಬ್ಬಚ್ಚಿಯನ್ನು ಗುಬ್ಬಚ್ಚಿಯಾಗಿಯೂ ರಾಬಿನ್ ಹಕ್ಕಿಯನ್ನು ರಾಬಿನ್ ಹಕ್ಕಿಯಾಗಿಯೂ ಮಾಡಿದ್ದಕ್ಕೆ ಕಾರಣವಿದೆ, ಪಾಪ, ನೀನು ಹುಟ್ಟಿದ ಜಾಗ ಸರಿಯಿಲ್ಲ, ಅಲ್ಲಿ ರಕ್ತವೆಲ್ಲ ಕಲಸಿ ಹೋಗಿದೆ. ಈ 'ಪಾಪ' ಎಂಬ ಭಾವವೇ ದೃಶ್ಯದ ವಿಷ. ಮೀಸೆ ತಿರುವುವ ಖಳನನ್ನು ಎದುರಿಸಬಹುದು. ನಿನ್ನ ಮೇಲೆ ಕನಿಕರಪಟ್ಟು ನಿನ್ನ ಹೆಂಡತಿಯನ್ನು ಸೆರೆಯಲ್ಲಿಡುವವನನ್ನು ಏನು ಮಾಡುವುದು? ಬಸುರಿ ಮಿಲ್ಡ್ರೆಡ್ ಒಳಗಿರುವಾಗಲೇ ಬಿಳಿಯನಾದ ರಿಚರ್ಡ್ ಜಾಮೀನಿನ ಮೇಲೆ ಹೊರಗಿರುತ್ತಾನೆ. ಕಾನೂನು ಇಬ್ಬರನ್ನೂ ಅಪರಾಧಿಗಳೆಂದಿತು. ಸೆರೆಮನೆ ಮಾತ್ರ ಅವರಲ್ಲಿ ಭೇದ ಮಾಡಿತು.

ರಿಚರ್ಡನ ತಾಯಿ ಸೂಲಗಿತ್ತಿ. ಬಿಳಿಯರ, ಕರಿಯರ ಮಕ್ಕಳನ್ನು ಒಂದೇ ಕೈಯಲ್ಲಿ ಎತ್ತಿಕೊಂಡವಳು. ಮೊಮ್ಮಗನ ಹೆರಿಗೆಗೂ ಅವಳೇ ಬೇಕೆಂದು ಮಿಲ್ಡ್ರೆಡ್ ಹಟ ಹಿಡಿದು, ಶಿಕ್ಷೆಯನ್ನು ಮೀರಿ ಊರಿಗೆ ಬರುತ್ತಾಳೆ. ಆ ತಾಯಿಯೇ ಮಗನಿಗೆ, ನೀನು ಆ ಹುಡುಗಿಯನ್ನು ಮದುವೆಯಾಗಬಾರದಿತ್ತು ಎನ್ನುತ್ತಾಳೆ. ಮಗು ಬೇಡವೆಂದಲ್ಲ, ಸೊಸೆ ಬೇಡವೆಂದೂ ಅಲ್ಲ, ಮದುವೆ ಬೇಡವಾಗಿತ್ತು. ಗುಟ್ಟಾಗಿ ಕೂಡಿ ಬಾಳುವುದನ್ನು ಅಲ್ಲಿಯ ಬಿಳಿಯ ಸಮಾಜ ನೂರಾರು ವರ್ಷ ಕಂಡೂ ಕಾಣದಂತೆ ಇತ್ತು. ಕಾಗದದ ಮೇಲೆ ಬರೆದು ಗೋಡೆಗೆ ಹಾಕಿದ್ದೇ ಅದಕ್ಕೆ ಸಹಿಸಲಾಗದ ಅಪರಾಧ. ಪೂರ್ವಗ್ರಹದ ಒಳಮನೆಯನ್ನು ಚಿತ್ರ ತೋರಿಸುವುದು ಇಂಥ ಒಂದೊಂದು ಮಾತಿನಲ್ಲಿ.

ರಿಚರ್ಡನಾಗಿ ಜೋಯೆಲ್ ಎಡ್ಜರ್ಟನ್ ಹೆಗಲು ಬಗ್ಗಿಸಿ, ತಲೆ ತಗ್ಗಿಸಿ, ತುಟಿಯೊಳಗೇ ಮಾತು ನುಂಗುವ ಮನುಷ್ಯನನ್ನು ಕಡೆದಿದ್ದಾನೆ. ಆದರೆ ಚಿತ್ರ ನಿಂತಿರುವುದು ಮಿಲ್ಡ್ರೆಡ್ ಆಗಿರುವ ರೂತ್ ನೆಗ್ಗಳ ಕಣ್ಣುಗಳ ಮೇಲೆ. ಒಬ್ಬ ಆಸ್ಟ್ರೇಲಿಯದವನು, ಒಬ್ಬಳು ಇಥಿಯೋಪಿಯದ ತಂದೆಗೂ ಐರಿಷ್ ತಾಯಿಗೂ ಹುಟ್ಟಿದವಳು; ವರ್ಜೀನಿಯದ ಹಳ್ಳಿಯ ನುಡಿಯನ್ನು ಇವರ ಬಾಯಿಂದ ಕೇಳುವಾಗ ಕಲಿತದ್ದೆಂದು ಅನಿಸುವುದಿಲ್ಲ. ಮೊದಮೊದಲು ಗಂಡನ ಹಿಂದೆ ಅರ್ಧ ಮರೆಯಾಗಿ ನಿಲ್ಲುವ ಹುಡುಗಿ ಪಟ್ಟಣದ ಇಕ್ಕಟ್ಟಿನಲ್ಲಿ, ಹುಲ್ಲಿಲ್ಲದ ಬೀದಿಯಲ್ಲಿ, ಟೆಲಿವಿಷನ್ನಿನಲ್ಲಿ ಹಕ್ಕುಗಳ ಮೆರವಣಿಗೆ ನೋಡುತ್ತ ನಿಧಾನವಾಗಿ ಬೆಳೆಯುತ್ತಾಳೆ. ಮಗನಿಗೆ ಬೀದಿಯಲ್ಲಿ ಕಾರು ತಗಲಿದ ದಿನ ಅವಳ ಸಹನೆ ಮುಗಿಯುತ್ತದೆ. ನಮ್ಮ ಮಕ್ಕಳು ಇಲ್ಲಿ ಬೆಳೆಯಕೂಡದು, ಊರಿಗೆ ಹೋಗೋಣ ಎಂಬ ಅವಳ ನಿರ್ಧಾರದಲ್ಲಿ ಸಂವಿಧಾನದ ಯಾವ ಪರಿಚ್ಛೇದವೂ ಇಲ್ಲ. ಆಮೇಲೆ ಪತ್ರಿಕೆಯವರು, ವಕೀಲರು, ಕ್ಯಾಮೆರಾದವರು ಬರುತ್ತಾರೆ; ರಿಚರ್ಡ್ ಹಿಂದೆ ಸರಿದಷ್ಟೂ ಅವಳು ಮುಂದೆ ಬರುತ್ತಾಳೆ. ವಕೀಲರಿಬ್ಬರ ಪಾತ್ರ ಮಾತ್ರ ನನಗೆ ಹಗುರವೆನಿಸಿತು. ಮಿಕ್ಕವರೆಲ್ಲ ಬದುಕುತ್ತಿರುವಾಗ ಇವರು ನಟಿಸುತ್ತಿರುವಂತೆ ಕಾಣುತ್ತದೆ.

ಚಿತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಪಾನಗೃಹದ ದೃಶ್ಯ. ರಿಚರ್ಡನ ಗೆಳೆಯರೆಲ್ಲ ಕರಿಯರು. ಕಾರಿನ ಪಂದ್ಯಗಳಲ್ಲಿ ಅವನ ಜೊತೆಗಾರರು. ಅವರಲ್ಲಿ ಒಬ್ಬ ಕುಡಿದ ಸಲಿಗೆಯಲ್ಲಿ ಹೇಳುತ್ತಾನೆ: ಕರಿಯರ ಪಾಡು ಏನೆಂದು ಈಗ ನಿನಗೂ ತಿಳಿಯಿತು, ಆದರೆ ನಿನಗೊಂದು ಬಾಗಿಲಿದೆ, ಅವಳನ್ನು ಬಿಟ್ಟರೆ ನಾಳೆಯೇ ನೀನು ಬಿಳಿಯ, ನಮಗೆ ಆ ಬಾಗಿಲಿಲ್ಲ. ಇದು ನಿಜ. ಕಹಿಯಾದ ನಿಜ. ರಿಚರ್ಡ್ ಉತ್ತರ ಕೊಡುವುದಿಲ್ಲ. ಮನೆಗೆ ಬಂದು, ನಿನ್ನನ್ನು ನಾನು ಕಾಪಾಡಬಲ್ಲೆ ಎಂದು ಹೆಂಡತಿಯ ಮುಂದೆ ಮಗುವಿನಂತೆ ಅಳುತ್ತಾನೆ. ಕಾಪಾಡಲಾರೆನೆಂದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಇಡೀ ಚಿತ್ರದಲ್ಲಿ ಕರಿಯ ನೆರೆಹೊರೆಯವರು ಮನಸ್ಸು ಬಿಚ್ಚಿ ಮಾತಾಡುವ ಸಂದರ್ಭ ಇಂಥವು ಒಂದೆರಡೇ. ಇನ್ನೂ ನಾಲ್ಕು ಇದ್ದಿದ್ದರೆ ಚಿತ್ರಕ್ಕೆ ತೂಕ ಬರುತ್ತಿತ್ತು.

ಹಿಂದಿನ ಒಂದು ಪ್ರಸಿದ್ಧ ಚಿತ್ರದ ಪಕ್ಕದಲ್ಲಿ ಇದನ್ನಿಟ್ಟು ನೋಡಬೇಕು. ಸ್ಟ್ಯಾನ್ಲಿ ಕ್ರೇಮರನ 'ಗೆಸ್ ಹೂಸ್ ಕಮಿಂಗ್ ಟು ಡಿನ್ನರ್' ತೆರೆ ಕಂಡದ್ದು 1967ರ ಕೊನೆಯಲ್ಲಿ, ಲವಿಂಗ್ ತೀರ್ಪು ಬಂದ ವರ್ಷವೇ. ಅದರಲ್ಲಿ ಹುಡುಗಿಯ ತಂದೆಯಾಗಿ ನಟಿಸಿದ ಸ್ಪೆನ್ಸರ್ ಟ್ರೇಸಿ ತೀರಿಕೊಂಡದ್ದು ತೀರ್ಪಿಗೆ ಎರಡು ದಿನ ಮೊದಲು. ಅಲ್ಲಿಯ ಕರಿಯ ಅಳಿಯ ಸಿಡ್ನಿ ಪಾಯಿಟಿಯರ್ ಸಾಮಾನ್ಯನಲ್ಲ. ಜಗತ್ತಿನ ಮಾನ್ಯತೆ ಪಡೆದ ವೈದ್ಯ, ನಡೆ ನುಡಿಯಲ್ಲಿ ಒಂದು ಕುಂದಿಲ್ಲ, ಮಾವನ ಒಪ್ಪಿಗೆಯಿಲ್ಲದೆ ಮದುವೆಯಾಗಲಾರೆನೆಂಬ ವಿನಯ ಬೇರೆ. ಕೊನೆಯಲ್ಲಿ ಟ್ರೇಸಿ ದೀರ್ಘವಾದೊಂದು ಭಾಷಣ ಮಾಡಿ ಆಶೀರ್ವದಿಸುತ್ತಾನೆ. ಒಳ್ಳೆಯ ಚಿತ್ರ, ಕಣ್ಣು ತೇವವಾಗುತ್ತದೆ. ಆದರೆ ಅದರ ತರ್ಕವನ್ನು ನೋಡಿ: ಪ್ರೀತಿಸುವ ಹಕ್ಕಿಗೆ ಕರಿಯನು ಮೊದಲು ಸರ್ವಗುಣಸಂಪನ್ನನಾಗಬೇಕು, ಆಮೇಲೆ ಬಿಳಿಯ ಹಿರಿಯನೊಬ್ಬ ಒಪ್ಪಬೇಕು. ನಮ್ಮ ಸಾಮಾಜಿಕ ಚಿತ್ರಗಳಲ್ಲಿ ಬೇರೆ ಜಾತಿಯ ಹುಡುಗಿ ಕೊನೆಯ ರೀಲಿನಲ್ಲಿ 'ನಮ್ಮವರ' ಮಗಳೇ ಎಂದು ಬಯಲಾಗಿ ಎಲ್ಲರೂ ನಿಟ್ಟುಸಿರು ಬಿಡುತ್ತಾರಲ್ಲ, ಅದರ ದೂರದ ನೆಂಟ ಇದು. ಲವಿಂಗ್ ದಂಪತಿಗಳು ಯಾವ ಪರೀಕ್ಷೆಗೂ ಕೂಡುವವರಲ್ಲ. ಅವರಲ್ಲಿ ವಿದ್ಯೆಯಿಲ್ಲ, ವಾಕ್ಚಾತುರ್ಯವಿಲ್ಲ, ಮದುವೆಗೆ ಮೊದಲೇ ಬಸಿರು. ಹೀಗಿರುವವರಿಗೇ ಆ ಹಕ್ಕು ಸಲ್ಲುತ್ತದೆ ಎನ್ನುವುದು ಎಷ್ಟೋ ಹೆಚ್ಚು ಧೈರ್ಯದ ಮಾತು.

2016ರಲ್ಲೇ ಬಂದ ಇನ್ನೊಂದು ಚಿತ್ರ ಅಮ್ಮ ಅಸಾಂಟೆಯ 'ಎ ಯುನೈಟೆಡ್ ಕಿಂಗ್‌ಡಮ್'. ಬೆಚುವಾನಾಲ್ಯಾಂಡಿನ ಅರಸುಮಗ ಸೆರೆಟ್ಸೆ ಖಾಮ 1948ರಲ್ಲಿ ಲಂಡನ್ನಿನ ರೂತ್ ವಿಲಿಯಮ್ಸಳನ್ನು ಮದುವೆಯಾದದ್ದು, ದಕ್ಷಿಣ ಆಫ್ರಿಕದ ಮುಖ ಕಾದು ಬ್ರಿಟಿಷ್ ಸರ್ಕಾರ 1950ರಿಂದ 1956ರ ವರೆಗೆ ಅವನನ್ನು ತಾಯ್ನಾಡಿನಿಂದ ಹೊರಗಿಟ್ಟದ್ದು ಅದರ ವಸ್ತು. ಅಲ್ಲಿಯೂ ಶಿಕ್ಷೆ ಗಡಿಪಾರೇ. ಆ ಚಿತ್ರ ನೋಡಲು ಸೊಗಸು, ಆದರೆ ಅವಮಾನ ಮಾಡಲೆಂದೇ ಕಲ್ಪಿಸಿದ ಇಂಗ್ಲಿಷ್ ಅಧಿಕಾರಿಗಳಿಬ್ಬರು ಅದರಲ್ಲಿದ್ದಾರೆ. ಅವರನ್ನು ದ್ವೇಷಿಸಿ ನಾವು ಹಗುರಾಗಿ ಹೊರಗೆ ಬರುತ್ತೇವೆ. ನಿಜವಾಗಿ ಆ ಆಜ್ಞೆ ಹೊರಡಿಸಿದ್ದು ಅಟ್ಲಿಯ ಲೇಬರ್ ಸರ್ಕಾರ, ಸಮಾನತೆಯ ಮಾತಾಡುತ್ತಿದ್ದ ಸಭ್ಯ ಜನ. ಸೆರೆಟ್ಸೆ ಮುಂದೆ 1966ರಲ್ಲಿ ಬೋಟ್ಸ್ವಾನದ ಮೊದಲ ಅಧ್ಯಕ್ಷನಾದ. ಅರಸುಮಗನ ಗಡಿಪಾರು ಪಾರ್ಲಿಮೆಂಟಿನಲ್ಲಿ ಚರ್ಚೆಯಾಗುತ್ತದೆ, ಗಾರೆಯವನ ಗಡಿಪಾರು ಜಿಲ್ಲೆಯ ಕಚೇರಿಯ ಒಂದು ಹಾಳೆಯಾಗಿ ಉಳಿಯುತ್ತದೆ.

ನನ್ನ ದೊಡ್ಡ ದೂರು ಬೇರೆ ಇದೆ. ಮಿಲ್ಡ್ರೆಡ್ಡಳ ಮದುವೆಯ ಅರ್ಜಿಯಲ್ಲಿ ಅವಳನ್ನು 'ಇಂಡಿಯನ್' ಎಂದು ಬರೆದಿತ್ತು. ಕೊನೆಗಾಲದಲ್ಲಿಯೂ ಅವಳು ತನ್ನನ್ನು ಹಾಗೆಯೇ ಕರೆದುಕೊಂಡದ್ದುಂಟು. ಚಿತ್ರ ಇದನ್ನು ಷೆರೀಫನ ಬಾಯಲ್ಲಿ ಒಮ್ಮೆ ಸುಳಿಸಿ ಬಿಟ್ಟುಬಿಡುತ್ತದೆ. ಬಿಡಬಾರದಿತ್ತು, ಆ ಕಾನೂನಿನ ಹುಚ್ಚೆಲ್ಲ ಅಲ್ಲಿಯೇ ಇತ್ತು. ವರ್ಜೀನಿಯದ 1924ರ 'ಜನಾಂಗ ಶುದ್ಧಿ' ಶಾಸನದ ಪ್ರಕಾರ ಬೇರೆ ರಕ್ತದ ಸುಳಿವೂ ಇಲ್ಲದವನೇ ಬಿಳಿಯ. ಆದರೆ ಆ ರಾಜ್ಯದ ಹಳೆಯ ಗೌರವಸ್ಥ ಮನೆತನಗಳು 1614ರಲ್ಲಿ ಇಂಗ್ಲಿಷಿನವನನ್ನು ಮದುವೆಯಾದ ಇಂಡಿಯನ್ ಕನ್ಯೆ ಪೊಕಹಾಂಟಸಳ ವಂಶ ತಮ್ಮದೆಂದು ಹೆಮ್ಮೆಪಡುತ್ತಿದ್ದವು. ಅವರೆಲ್ಲ ಒಂದೇ ದಿನದಲ್ಲಿ ಕಪ್ಪಾಗಿಬಿಡುವ ಅಪಾಯ ಬಂತು! ಆಗ ಶಾಸನಕರ್ತರು ಲೆಕ್ಕ ಹಾಕಿ, ಹದಿನಾರರಲ್ಲಿ ಒಂದು ಪಾಲು ಅಥವಾ ಅದಕ್ಕೂ ಕಡಿಮೆ ಇಂಡಿಯನ್ ರಕ್ತವಿದ್ದರೆ ಬಿಳಿಯನೇ ಎಂದು ಒಂದು ಕಿಂಡಿ ಬಿಟ್ಟರು. ಮತ್ತೊಂದೆಡೆ ವಾಲ್ಟರ್ ಪ್ಲೆಕರ್ ಎಂಬ ಅಧಿಕಾರಿ ಜನನ ಮರಣಗಳ ದಫ್ತರದಲ್ಲಿ ಕೂತು, ಬಡ ಇಂಡಿಯನ್ನರ ಹೆಸರಿನ ಮುಂದೆ 'ಇಂಡಿಯನ್' ಎಂಬುದನ್ನು ಹೊಡೆದು 'ಕರಿಯ' ಎಂದು ಬರೆಸುತ್ತ 1946ರ ವರೆಗೆ ಕಾಲ ಕಳೆದ. ಮಿಲ್ಡ್ರೆಡ್ ತಾನು ಯಾರೆಂದು ಹೇಳಿಕೊಳ್ಳುವುದಕ್ಕೂ ಆ ರಾಜ್ಯದಲ್ಲಿ ಅಪ್ಪಣೆ ಬೇಕಾಗಿತ್ತು. ಕರಿದು ಬಿಳಿದು ಎಂಬ ಎರಡೇ ಬಣ್ಣದಲ್ಲಿ ಕಥೆ ಹೇಳಿದಾಗ ಚಿತ್ರ, ತನಗೆ ಅರಿವಿಲ್ಲದೆಯೇ, ಆ ದಫ್ತರದ ಲೆಕ್ಕವನ್ನೇ ಒಪ್ಪಿಕೊಂಡಂತಾಯಿತು.

ಈ ಲೆಕ್ಕದಲ್ಲಿ ನಮ್ಮವರ ಪಾಲೂ ಉಂಟು. 1965ರಲ್ಲಿ ಬೆಜೈಲ್ ತನ್ನ ತೀರ್ಪನ್ನು ಸಮರ್ಥಿಸುತ್ತ, ದೇವರು ಬಿಳಿಯರು, ಕರಿಯರು, ಹಳದಿಯವರು, ಮಲಯರು, ಕೆಂಪಿನವರು ಎಂದು ಐದು ಜನಾಂಗ ಮಾಡಿ ಬೇರೆ ಬೇರೆ ಖಂಡಗಳಲ್ಲಿ ಇಟ್ಟಿದ್ದಾನೆ, ಬೆರೆಯಬೇಕೆಂಬುದು ಅವನ ಇಚ್ಛೆಯಾಗಿರಲಿಲ್ಲ ಎಂಬರ್ಥದಲ್ಲಿ ಬರೆದ. ಭಾರತದವನು ಈ ಐದರಲ್ಲಿ ಯಾವ ಕಪಾಟಿಗೆ ಸೇರಿದವನು? ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಯ ಪೌರತ್ವದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1923ರಲ್ಲೇ ಅವನು ಬಿಳಿಯನಲ್ಲ ಎಂದು ಹೇಳಿತ್ತು. ಕ್ಯಾಲಿಫೋರ್ನಿಯದ ಹೊಲಗಳಲ್ಲಿ ದುಡಿಯುತ್ತಿದ್ದ ಪಂಜಾಬಿಗಳಲ್ಲಿ ನೂರಾರು ಮಂದಿ ಮೆಕ್ಸಿಕೊ ಮೂಲದ ಹೆಂಗಸರನ್ನು ಮದುವೆಯಾದದ್ದಕ್ಕೆ ಒಂದು ಕಾರಣ, ಮದುವೆಯ ಅನುಮತಿ ಕೊಡುವ ಗುಮಾಸ್ತನ ಕಣ್ಣಿಗೆ ಇಬ್ಬರ ಬಣ್ಣವೂ ಒಂದೇ ಆಗಿ ಕಂಡದ್ದು.

ಇನ್ನು ಸುಪ್ರೀಂ ಕೋರ್ಟಿನ ಭಾಗ. ಲವಿಂಗ್ ದಂಪತಿಗಳು ವಾದ ಕೇಳಲು ಹೋಗಲೇ ಇಲ್ಲ, ಇದು ಇತಿಹಾಸ. ನ್ಯಾಯಾಧೀಶರಿಗೆ ಏನಾದರೂ ಹೇಳುವುದಿದೆಯೇ ಎಂದು ವಕೀಲ ಕೇಳಿದಾಗ, ನನಗೆ ನನ್ನ ಹೆಂಡತಿಯ ಮೇಲೆ ಪ್ರೀತಿಯಿದೆ ಎಂದು ಹೇಳಿ ಎಂದಷ್ಟೇ ರಿಚರ್ಡ್ ಹೇಳಿದ, ಇದೂ ಇತಿಹಾಸ. ಬೇರೆ ನಿರ್ದೇಶಕನಾಗಿದ್ದರೆ ಈ ಮಾತಿಗೆ ಪಿಟೀಲು ನುಡಿಸುತ್ತಿದ್ದ. ಇಲ್ಲಿ ಎಡ್ಜರ್ಟನ್ ಅದನ್ನು ಅಂಗಡಿಯಲ್ಲಿ ಸಾಮಾನು ಕೇಳುವ ಧಾಟಿಯಲ್ಲಿ ಹೇಳುತ್ತಾನೆ. ಒಂಬತ್ತು ವರ್ಷದ ಸಂಕಟಕ್ಕೆ ಅವನಲ್ಲಿದ್ದ ವಾದವೆಲ್ಲ ಅಷ್ಟೇ ತಾನೆ. ಗೆದ್ದ ಸುದ್ದಿ ಮಿಲ್ಡ್ರೆಡ್ಡಳಿಗೆ ಟೆಲಿಫೋನಿನಲ್ಲಿ ಬರುತ್ತದೆ. ಕುಣಿತವಿಲ್ಲ, ಕೂಗಿಲ್ಲ, ಮುಖದ ಮೇಲೆ ಬೆಳಕು ಬಂದು ನಿಲ್ಲುವುದನ್ನು ಮಾತ್ರ ನಾವು ನೋಡುತ್ತೇವೆ.

'ಲೈಫ್' ಪತ್ರಿಕೆಗಾಗಿ ಗ್ರೇ ವಿಲೆಟ್ 1965ರಲ್ಲಿ ತೆಗೆದ ಛಾಯಾಚಿತ್ರವೊಂದಿದೆ. ರಿಚರ್ಡ್ ಸೋಫಾದ ಮೇಲೆ ಹೆಂಡತಿಯ ಮಡಿಲಲ್ಲಿ ತಲೆಯಿಟ್ಟು ಮಲಗಿ, ಟೆಲಿವಿಷನ್ ನೋಡುತ್ತ ನಗುತ್ತಿದ್ದಾನೆ. ಚಿತ್ರ ಇದನ್ನು ಹಾಗೆಯೇ ಮರಳಿ ಕಟ್ಟಿದೆ. ಛಾಯಾಗ್ರಾಹಕನಾಗಿ ಮೈಕೆಲ್ ಶ್ಯಾನನ್ ಬಂದು ಹೋಗುವ ಆ ಸಂಜೆಯಷ್ಟು ನೆಮ್ಮದಿಯ ಭಾಗ ಇಡೀ ಚಿತ್ರದಲ್ಲಿ ಇನ್ನೊಂದಿಲ್ಲ. ಆದರೆ ಪತ್ರಿಕೆ ಹೊರಗೆ ಬಂದ ಮೇಲೆ ಒಂದು ದಿನ ರಿಚರ್ಡನ ಕಾರಿನಲ್ಲಿ ಯಾರೋ ಅದೇ ಪತ್ರಿಕೆಯ ಹಾಳೆಯಲ್ಲಿ ಸುತ್ತಿದ ಇಟ್ಟಿಗೆಯೊಂದನ್ನು ಇಟ್ಟು ಹೋಗಿರುತ್ತಾರೆ. ಅವನು ಅದನ್ನು ಬಿಚ್ಚಿ ನೋಡುತ್ತಾನೆ. ದಿನವೂ ಸಾವಿರ ಸಲ ಮುಟ್ಟಿದ ವಸ್ತು. ಅಂದಿನಿಂದ ದೂರದ ದಾರಿಯಲ್ಲಿ ಕಾರಿನ ಸದ್ದಾದರೆ ಅವನ ಕತ್ತು ಅತ್ತ ತಿರುಗುತ್ತದೆ. ಒಂದು ಪೆಟ್ಟೂ ಬೀಳದೆ, ಒಂದು ಗುಂಡೂ ಹಾರದೆ ಎರಡು ಗಂಟೆ ಹೊತ್ತು ನಾವು ಹೆದರಿಕೊಂಡೇ ಕೂತಿರುತ್ತೇವೆ. ಹೊಡೆತ ತೋರಿಸಿದ್ದರೆ ಈ ಭಯ ಆ ಕ್ಷಣಕ್ಕೇ ಮುಗಿದುಹೋಗುತ್ತಿತ್ತು.

ತೀರ್ಪು ಬಂದರೂ ಅಲಬಾಮ ರಾಜ್ಯ ತನ್ನ ಸಂವಿಧಾನದಲ್ಲಿದ್ದ ನಿಷೇಧದ ಮಾತನ್ನು ಅಳಿಸಿದ್ದು 2000ದಲ್ಲಿ, ಜನರ ಮತ ಕೇಳಿ. ಆಗಲೂ ನೂರಕ್ಕೆ ಸುಮಾರು 40 ಮಂದಿ ಅದು ಇರಲಿ ಎಂದೇ ಮತ ಹಾಕಿದರು. ಚಿತ್ರ ಅಲ್ಲಿಯ ತನಕ ಹೋಗುವುದಿಲ್ಲ. ಆ ಒಂದು ಎಕರೆಯಲ್ಲಿ ರಿಚರ್ಡ್ ಕೊನೆಗೂ ಮನೆ ಕಟ್ಟುತ್ತಿರುವಲ್ಲಿಗೆ, ಮಕ್ಕಳು ಸುತ್ತ ಆಡುತ್ತಿರುವಲ್ಲಿಗೆ ಅದು ನಿಲ್ಲುತ್ತದೆ. ಅವನು ಆ ಮನೆಯಲ್ಲಿ ಬಾಳಿದ್ದು ಕೆಲವೇ ವರ್ಷ. 1975ರಲ್ಲಿ ಕುಡಿದು ಕಾರು ಓಡಿಸುತ್ತಿದ್ದವನೊಬ್ಬ ಬಂದು ಡಿಕ್ಕಿ ಹೊಡೆದು ರಿಚರ್ಡ್ ತೀರಿಕೊಂಡ; ಜೊತೆಯಲ್ಲಿದ್ದ ಮಿಲ್ಡ್ರೆಡ್ಡಳ ಒಂದು ಕಣ್ಣು ಹೋಯಿತು. ಅವಳು ಮತ್ತೆ ಮದುವೆಯಾಗಲಿಲ್ಲ. 2008ರಲ್ಲಿ ಸಾಯುವ ತನಕ ಅವನು ಕಟ್ಟಿದ ಆ ಮನೆಯಲ್ಲೇ ಇದ್ದಳು.